ದಿನಕ್ಕೆ ಒಂದೋ ಎರಡೋ ಎಂಬ ಸಮಾಧಾನವನ್ನು ದೇಹ ಒಪ್ಪುವುದಿಲ್ಲ

ಮಂಗಳೂರಿನಲ್ಲಾಗಲಿ ಉಡುಪಿಯಲ್ಲಾಗಲಿ ವೈದ್ಯರು ರೋಗಿಯನ್ನು ಪರೀಕ್ಷಿಸುತ್ತಾ ಸಿಗರೇಟಿನ ಅಭ್ಯಾಸವಿದೆಯೇ ಎಂದು ಕೇಳಿದರೆ ‘ಹೌದು’ ಅಥವಾ ‘ಇಲ್ಲ’ ಎಂಬ ನೇರ ಉತ್ತರ ಸಿಗುವುದು ಅಪರೂಪ. “ಜಾಸ್ತಿ ಏನಿಲ್ಲ ಡಾಕ್ಟ್ರೇ, ದಿನಕ್ಕೆ ಒಂದೋ ಎರಡೋ, ಅದೂ ಚಾ ಕುಡಿಯುವಾಗ ಮಾತ್ರ” ಎಂಬ ಮಾತೇ ಹೆಚ್ಚಾಗಿ ಕೇಳಿಬರುತ್ತದೆ. ಈ ಉತ್ತರದ ಹಿಂದೆ ಒಂದು ಲೆಕ್ಕಾಚಾರವಿದೆ: ಇಪ್ಪತ್ತು ಸೇದುವವನಿಗೆ ಆಗುವ ಹಾನಿಯ ಇಪ್ಪತ್ತನೆಯ ಒಂದು ಭಾಗವಷ್ಟೇ ಒಂದು ಸೇದುವವನಿಗೆ ಆಗುತ್ತದೆ ಎಂಬ ನಂಬಿಕೆ. ಕೇಳಲು ನ್ಯಾಯವಾಗಿಯೇ ಇರುವ ಈ ಲೆಕ್ಕ ದೇಹದ ಮಟ್ಟಿಗೆ ತಪ್ಪು. ಪ್ರತಿಯೊಂದು ಅಂಗವೂ ಹೊಗೆಯನ್ನು ತನ್ನದೇ ರೀತಿಯಲ್ಲಿ ಲೆಕ್ಕ ಹಾಕುತ್ತದೆ. ಹೃದಯದ ಲೆಕ್ಕ ಬೇರೆ, ಶ್ವಾಸಕೋಶದ ಲೆಕ್ಕ ಬೇರೆ, ಮಿದುಳಿನ ಲೆಕ್ಕ ಇನ್ನೂ ಬೇರೆ. ಧೂಮಪಾನದ ಹಾನಿಯ ಬಗ್ಗೆ ಶಾಲೆಯ ಭಿತ್ತಿಪತ್ರದಿಂದ ಹಿಡಿದು ಚಿತ್ರಮಂದಿರದ ಪರದೆಯವರೆಗೆ ಎಲ್ಲೆಡೆ ಹೇಳಲಾಗುತ್ತಿದ್ದರೂ ಈ ವ್ಯತ್ಯಾಸವನ್ನು ಯಾರೂ ಬಿಡಿಸಿ ಹೇಳದಿರುವುದರಿಂದ, ‘ಕಡಿಮೆ ಸೇದುವವರು’ ಆ ಎಚ್ಚರಿಕೆಗಳೆಲ್ಲ ಬೇರೆ ಯಾರಿಗೋ ಎಂದುಕೊಂಡು ಕೂತಿದ್ದಾರೆ.

ಉರಿಯುವ ಸಿಗರೇಟಿನ ತುದಿಯಲ್ಲಿ, ಎಳೆಯುವ ಆ ಕ್ಷಣದಲ್ಲಿ, ಉಷ್ಣಾಂಶ ಸುಮಾರು 900 ಡಿಗ್ರಿ ಸೆಲ್ಸಿಯಸ್ ತಲುಪುತ್ತದೆ. ಆ ಬಿಸಿಗೆ ಒಣ ಎಲೆ ಸುಟ್ಟು 7,000ಕ್ಕೂ ಹೆಚ್ಚು ರಾಸಾಯನಿಕಗಳಾಗಿ ಒಡೆಯುತ್ತದೆ. ಅವುಗಳಲ್ಲಿ ಸುಮಾರು 70 ಕ್ಯಾನ್ಸರ್ ತರಬಲ್ಲವು ಎಂದು ಗುರುತಿಸಲಾಗಿದೆ. ಜನ ಸಾಮಾನ್ಯವಾಗಿ ದೂರುವ ನಿಕೋಟಿನ್ ಕ್ಯಾನ್ಸರ್ ತರುವ ಮುಖ್ಯ ವಸ್ತುವಲ್ಲ. ಅದು ಚಟ ಹಿಡಿಸುವ ವಸ್ತು. ಕೊಲ್ಲುವ ಕೆಲಸವನ್ನು ಟಾರು, ಕಾರ್ಬನ್ ಮೊನಾಕ್ಸೈಡ್ ಮತ್ತು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಮಾಡುತ್ತವೆ. ಆ ಕೆಲಸ ದಿನವೂ ತಪ್ಪದೆ ನಡೆಯುವಂತೆ ನಿಕೋಟಿನ್ ನೋಡಿಕೊಳ್ಳುತ್ತದೆ.

ಮೊದಲು ಹೃದಯದ ವಿಚಾರ, ಏಕೆಂದರೆ ‘ಒಂದೋ ಎರಡೋ’ ಎಂಬ ಸಮಾಧಾನ ಪೂರ್ತಿಯಾಗಿ ಕುಸಿಯುವುದು ಇಲ್ಲಿಯೇ. ರಕ್ತನಾಳಗಳ ಒಳಗೋಡೆಗೆ ತೆಳ್ಳಗಿನ ಜೀವಕೋಶಗಳ ಒಂದು ಪದರವಿದೆ. ನಾಳ ಅಗತ್ಯಕ್ಕೆ ತಕ್ಕಂತೆ ಹಿಗ್ಗುವಂತೆ ಮಾಡುವುದು, ರಕ್ತ ಅನಗತ್ಯವಾಗಿ ಹೆಪ್ಪುಗಟ್ಟದಂತೆ ತಡೆಯುವುದು ಈ ಪದರದ ಕೆಲಸ. ಹೊಗೆಯ ಅಂಶಗಳು ರಕ್ತ ಸೇರಿದ ಕೆಲವೇ ನಿಮಿಷಗಳಲ್ಲಿ ಈ ಪದರ ನಾಳವನ್ನು ಹಿಗ್ಗಿಸುವ ನೈಟ್ರಿಕ್ ಆಕ್ಸೈಡನ್ನು ಬೇಕಾದಷ್ಟು ಬಿಡುಗಡೆ ಮಾಡಲಾಗದೆ ನಾಳ ಬಿಗಿಯುತ್ತದೆ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳತೊಡಗುತ್ತವೆ, ನಿಕೋಟಿನ್ ಹೃದಯದ ಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುತ್ತದೆ. ಅದೇ ಹೊತ್ತಿಗೆ, ರಕ್ತದಲ್ಲಿ ಆಮ್ಲಜನಕ ಸಾಗಿಸುವ ಹಿಮೋಗ್ಲೋಬಿನ್ ಜೊತೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುವ ಕಾರ್ಬನ್ ಮೊನಾಕ್ಸೈಡ್ ಆಮ್ಲಜನಕದ ಜಾಗವನ್ನು ಆಕ್ರಮಿಸಿಕೊಳ್ಳುತ್ತದೆ. ಅಂದರೆ ಹೃದಯ ಹೆಚ್ಚು ದುಡಿಯಬೇಕಾದ ಹೊತ್ತಿನಲ್ಲಿಯೇ ಅದಕ್ಕೆ ಸಿಗುವ ಆಮ್ಲಜನಕ ಕಡಿಮೆಯಾಗುತ್ತದೆ. ಈ ಬದಲಾವಣೆಗಳಲ್ಲಿ ಹೆಚ್ಚಿನವು ಬಹಳ ಸಣ್ಣ ಪ್ರಮಾಣದ ಹೊಗೆಗೇ ಶುರುವಾಗಿ ಬೇಗನೆ ಒಂದು ಮಟ್ಟ ತಲುಪುತ್ತವೆ. ಅನಂತರ ಸೇದುವ ಒಂದೊಂದು ಸಿಗರೇಟೂ ಆ ಅಪಾಯಕ್ಕೆ ಸ್ವಲ್ಪಸ್ವಲ್ಪವಷ್ಟೇ ಸೇರಿಸುತ್ತದೆ.

2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ, 141 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು ಇದಕ್ಕೆ ಅಂಕಿಯ ರೂಪ ಕೊಟ್ಟಿತು. ದಿನಕ್ಕೆ 20 ಸಿಗರೇಟು ಸೇದುವವರಲ್ಲಿ ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯ ಎಷ್ಟು ಹೆಚ್ಚುತ್ತದೆಯೋ ಅದರ ಸುಮಾರು ಅರ್ಧದಷ್ಟು, ದಿನಕ್ಕೆ ಒಂದೇ ಒಂದು ಸೇದುವವರಲ್ಲಿಯೂ ಹೆಚ್ಚುತ್ತದೆ ಎಂಬುದು ಅದರ ತೀರ್ಮಾನ. ಇಪ್ಪತ್ತನೆಯ ಒಂದು ಭಾಗವಲ್ಲ, ಅರ್ಧ. ಇದು ನಂಬಲು ಕಷ್ಟವೆನಿಸಿದರೆ ಬೇರೆ ದಾರಿಯಿಂದ ಬಂದ ಸಾಕ್ಷ್ಯವನ್ನೂ ನೋಡಬಹುದು. ಒಮ್ಮೆಯೂ ಸಿಗರೇಟು ಮುಟ್ಟದೆ, ಮನೆಯಲ್ಲೋ ಕೆಲಸದ ಜಾಗದಲ್ಲೋ ಇನ್ನೊಬ್ಬರ ಹೊಗೆ ಕುಡಿಯುವವರ ದೇಹಕ್ಕೆ ಹೋಗುವ ಪ್ರಮಾಣ ಅತ್ಯಲ್ಪ. ಆದರೂ ಅವರಲ್ಲಿ ಹೃದ್ರೋಗದ ಅಪಾಯ ಶೇ. 25ರಿಂದ 30ರಷ್ಟು ಹೆಚ್ಚು. ವಠಾರದ ಚಾವಡಿಯಲ್ಲಿ ಕುಳಿತು ಅಜ್ಜ ಬೀಡಿ ಹಚ್ಚುವಾಗ ಪಕ್ಕದಲ್ಲಿ ಆಡುತ್ತಿರುವ ಮೊಮ್ಮಗನಿಗೆ, ಗಂಡ ಸೇದುವ ಕಾರಿನಲ್ಲಿ ಕುಳಿತ ಹೆಂಡತಿಗೆ, ‘ನಾವು ಸೇದುವುದೇ ಇಲ್ಲವಲ್ಲ’ ಎಂಬ ಮಾತು ರಕ್ಷಣೆಯಾಗುವುದಿಲ್ಲ.

ಶ್ವಾಸಕೋಶದ ಕ್ಯಾನ್ಸರ್‌ನ ಲೆಕ್ಕ ಹೀಗಿಲ್ಲ. ಇಲ್ಲಿ ಸಂಖ್ಯೆಗೆ ಬೆಲೆಯಿದೆ. ಹೆಚ್ಚು ಸೇದುವವರಿಗೆ ಹೆಚ್ಚು ಅಪಾಯ, ನಿಜ. ಆದರೆ ಸಂಖ್ಯೆಗಿಂತ ವರ್ಷಗಳಿಗೆ ಬೆಲೆ ಹೆಚ್ಚು. ಇಪ್ಪತ್ತರ ವಯಸ್ಸಿಗೆ ಶುರುಮಾಡಿ ನಲವತ್ತು ವರ್ಷ ದಿನಕ್ಕೆ ಕೆಲವೇ ಸಿಗರೇಟು ಸೇದಿದವನು, ಅದರ ದುಪ್ಪಟ್ಟನ್ನು ಹತ್ತು ವರ್ಷ ಸೇದಿ ಬಿಟ್ಟವನಿಗಿಂತ ಹೆಚ್ಚು ಅಪಾಯದಲ್ಲಿರುತ್ತಾನೆ. ಹೊಗೆಯಲ್ಲಿರುವ ಬೆಂಜೊಪೈರೀನ್‌ನಂತಹ ವಸ್ತುಗಳು ಜೀವಕೋಶದ ಡಿಎನ್‌ಎಗೆ ಅಂಟಿಕೊಂಡು ಅದರ ಬರಹವನ್ನೇ ತಿದ್ದಿಬಿಡುತ್ತವೆ. 2016ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಸಂಶೋಧನೆಯೊಂದರ ಪ್ರಕಾರ, ದಿನಕ್ಕೊಂದು ಪ್ಯಾಕಿನಂತೆ ಒಂದು ವರ್ಷ ಸೇದಿದರೆ ಶ್ವಾಸಕೋಶದ ಪ್ರತಿಯೊಂದು ಜೀವಕೋಶದಲ್ಲಿಯೂ ಡಿಎನ್‌ಎಯಲ್ಲಿ ಸರಾಸರಿ 150 ಹೆಚ್ಚುವರಿ ರೂಪಾಂತರಗಳು (ಮ್ಯುಟೇಶನ್) ಉಳಿದುಕೊಳ್ಳುತ್ತವೆ; ಧ್ವನಿಪೆಟ್ಟಿಗೆಯಲ್ಲಿ 97, ಗಂಟಲಿನಲ್ಲಿ 39, ಬಾಯಿಯಲ್ಲಿ 23, ಮೂತ್ರಕೋಶದಲ್ಲಿ 18. ಹೊಗೆ ಎಂದೂ ಹೋಗದ ಮೂತ್ರಕೋಶ ಈ ಪಟ್ಟಿಯಲ್ಲಿ ಯಾಕೆ ಬಂತು ಎಂದು ಕೇಳಬಹುದು. ರಕ್ತ ಹೀರಿಕೊಂಡ ವಿಷವನ್ನು ಮೂತ್ರಪಿಂಡ ಸೋಸಿ ಹೊರಹಾಕುತ್ತದೆ, ಆ ಮೂತ್ರ ಗಂಟೆಗಟ್ಟಲೆ ಮೂತ್ರಕೋಶದಲ್ಲಿ ನಿಲ್ಲುತ್ತದೆ, ನಿಂತಷ್ಟು ಹೊತ್ತೂ ಅದರ ಗೋಡೆಗೆ ಆ ವಿಷ ತಾಗುತ್ತಿರುತ್ತದೆ. ಮಧ್ಯವಯಸ್ಸು ದಾಟಿದ ಧೂಮಪಾನಿಗೆ ನೋವಿಲ್ಲದೆ ಮೂತ್ರದಲ್ಲಿ ರಕ್ತ ಕಂಡರೆ ಅದನ್ನು ‘ಉಷ್ಣ’ ಎಂದು ಎಳನೀರು ಕುಡಿದು ಸುಮ್ಮನಾಗಬಾರದು ಎಂದು ವೈದ್ಯರು ಹೇಳುವುದು ಇದಕ್ಕಾಗಿಯೇ.

ಉಸಿರಿನ ತೊಂದರೆ ಕ್ಯಾನ್ಸರ್‌ನಷ್ಟು ಭಯ ಹುಟ್ಟಿಸುವುದಿಲ್ಲ, ಆದ್ದರಿಂದಲೇ ಅದು ಹೆಚ್ಚು ಕಾಲ ಅಡಗಿರುತ್ತದೆ. ನಮ್ಮ ಕರಾವಳಿಯಲ್ಲಿ ಅಡಗಲು ಅದಕ್ಕೆ ಒಳ್ಳೆಯ ನೆಪವೂ ಇದೆ. ಜೂನ್‌ನಲ್ಲಿ ಮಳೆ ಹಿಡಿದರೆ ಆಟಿ (ಜುಲೈ-ಆಗಸ್ಟ್‌ನ ತುಳು ತಿಂಗಳು) ಕಳೆಯುವವರೆಗೆ ಗೋಡೆಯಲ್ಲಿ ಹಾವಸೆ, ಬಟ್ಟೆಯಲ್ಲಿ ಬೂಸಲು, ಮನೆಯ ಒಬ್ಬರಿಗಾದರೂ ಶೀತ ಮತ್ತು ಕೆಮ್ಮು. ಹಾಗಾಗಿ ಬೆಳಿಗ್ಗೆ ಎದ್ದ ಕೂಡಲೇ ಬಾವಿಕಟ್ಟೆಯ ಬಳಿ ನಿಂತು ಹತ್ತು ನಿಮಿಷ ಕೆಮ್ಮಿ ಕಫ ತೆಗೆಯುವ ಮನುಷ್ಯನಿಗೆ ತನ್ನದು ಮಳೆಗಾಲದ ಕೆಮ್ಮು ಎನಿಸುತ್ತದೆ. ಮಳೆ ನಿಂತ ಮೇಲೂ ಅದು ಮುಂದುವರಿದರೆ ಧೂಳಿನ ಕೆಮ್ಮು, ಮಾಗಿಯಲ್ಲಿ ಮಂಜಿನ ಕೆಮ್ಮು. ಒಳಗೆ ಆಗಿರುವುದು ಬೇರೆಯೇ. ಶ್ವಾಸನಾಳಗಳ ಒಳಗೋಡೆಯ ಸೂಕ್ಷ್ಮ ರೋಮಗಳು ಸದಾ ಮೇಲ್ಮುಖವಾಗಿ ಆಡುತ್ತಾ ಧೂಳು ಹಿಡಿದ ಲೋಳೆಯನ್ನು ಗಂಟಲಿಗೆ ಸಾಗಿಸುತ್ತಿರುತ್ತವೆ. ಹೊಗೆ ಅವುಗಳನ್ನು ಮೊದಲು ಮರಗಟ್ಟಿಸುತ್ತದೆ, ಆಮೇಲೆ ನಾಶಮಾಡುತ್ತದೆ. ಇನ್ನೊಂದು ಕಡೆ ಲೋಳೆ ಉತ್ಪತ್ತಿ ಮಾಡುವ ಗ್ರಂಥಿಗಳು ಊದಿಕೊಂಡು ಹೆಚ್ಚು ಸ್ರವಿಸುತ್ತವೆ. ಸಾಗಿಸುವವರಿಲ್ಲದ ಆ ಲೋಳೆಯನ್ನು ಕೆಮ್ಮಿಯೇ ತೆಗೆಯಬೇಕು.

ಇನ್ನೂ ಆಳದಲ್ಲಿ, ಆಮ್ಲಜನಕ ರಕ್ತಕ್ಕೆ ದಾಟುವ ಕೋಟ್ಯಂತರ ಗಾಳಿಚೀಲಗಳ ನಡುವಿನ ತೆಳುಗೋಡೆಗಳು ಕರಗತೊಡಗುತ್ತವೆ. ಹತ್ತು ಕೋಣೆಯ ಮನೆಯ ಒಳಗೋಡೆಗಳನ್ನೆಲ್ಲ ಕೆಡವಿ ಒಂದೇ ಹಾಲ್ ಮಾಡಿದರೆ ಜಾಗ ವಿಶಾಲವಾಗಿ ಕಂಡರೂ ಮೊಳೆ ಹೊಡೆದು ಪಟ ನೇತುಹಾಕಲು ಗೋಡೆಯೇ ಉಳಿಯುವುದಿಲ್ಲ; ಶ್ವಾಸಕೋಶದ ಸ್ಥಿತಿಯೂ ಅಷ್ಟೇ, ಎಕ್ಸ್‌ರೇಯಲ್ಲಿ ಅದು ದೊಡ್ಡದಾಗಿ ಕಾಣುತ್ತದೆ, ಆದರೆ ರಕ್ತಕ್ಕೆ ಆಮ್ಲಜನಕ ದಾಟಿಸುವ ಮೇಲ್ಮೈ ಕಡಿಮೆಯಾಗಿರುತ್ತದೆ. ಸಿಒಪಿಡಿ (ದೀರ್ಘಕಾಲದ ಶ್ವಾಸ ಅಡಚಣೆಯ ಕಾಯಿಲೆ) ಎಂದು ಕರೆಯುವ ಈ ರೋಗದಲ್ಲಿ ಕಳೆದುಕೊಂಡ ಗೋಡೆಗಳು ಮರಳಿ ಬರುವುದಿಲ್ಲ. ಇನ್‌ಹೇಲರ್ ಉಸಿರನ್ನು ಸ್ವಲ್ಪ ಹಗುರ ಮಾಡುತ್ತದೆ, ಹಾಳಾದದ್ದನ್ನು ಕಟ್ಟಿಕೊಡುವುದಿಲ್ಲ. ಶ್ವಾಸಕೋಶಕ್ಕೆ ಪ್ರಕೃತಿ ಕೊಟ್ಟಿರುವ ಹೆಚ್ಚುವರಿ ಸಾಮರ್ಥ್ಯ ಸಾಕಷ್ಟಿರುವುದರಿಂದ, ಗುಡ್ಡೆ ಹತ್ತುವಾಗ ದಮ್ಮು ಕಟ್ಟುತ್ತಿದೆ ಎಂದು ಗೊತ್ತಾಗುವ ಹೊತ್ತಿಗೆ ಬಹಳಷ್ಟು ಕೈತಪ್ಪಿ ಹೋಗಿರುತ್ತದೆ.

ದಕ್ಷಿಣ ಕನ್ನಡ, ಉಡುಪಿಯಲ್ಲಿ ಈ ವಿಷಯ ಬರೆಯುವಾಗ ಸಿಗರೇಟನ್ನು ಮಾತ್ರ ಬರೆದು ಬೀಡಿಯನ್ನು ಬಿಡುವುದು ಅಪ್ರಾಮಾಣಿಕತೆಯಾಗುತ್ತದೆ. ಬೀಡಿ ಇಲ್ಲಿ ಚಟ ಮಾತ್ರವಲ್ಲ, ಅನ್ನವೂ ಹೌದು. ತಲೆಮಾರುಗಳಿಂದ ಹೆಂಗಸರು ಮನೆಕೆಲಸ ಮುಗಿಸಿ ಜಗಲಿಯಲ್ಲಿ ಕೂತು, ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು, ನೆನೆಸಿದ ಎಲೆಯನ್ನು ಅಳತೆಗೆ ಕತ್ತರಿಸಿ, ಚಿಟಿಕೆ ಹೊಗೆಸೊಪ್ಪು ಉದುರಿಸಿ ಸುರುಳಿ ಮಾಡಿ ನೂಲು ಸುತ್ತಿದ ಬೀಡಿಗಳು ಬೀಡಿ ಕಂಪನಿಯ ಬ್ರಾಂಚಿಗೆ ಹೋಗಿವೆ. ಆ ಹಣದಲ್ಲಿ ಮಕ್ಕಳ ಶಾಲೆಯ ಫೀಸು ಕಟ್ಟಿದ, ಹೆಣ್ಣುಮಕ್ಕಳ ಮದುವೆ ಮಾಡಿದ ಮನೆಗಳು ಎಲ್ಲ ಊರುಗಳಲ್ಲೂ ಇವೆ. ಹೀಗಾಗಿ ಬೀಡಿಯ ವಿರುದ್ಧ ಮಾತನಾಡುವುದು ನಮ್ಮಲ್ಲಿ ಸಿಗರೇಟಿನ ವಿರುದ್ಧ ಮಾತನಾಡಿದಷ್ಟು ಸಲೀಸಲ್ಲ. ಕಟ್ಟುವವರ ಆರೋಗ್ಯವೂ ಈ ಲೆಕ್ಕದ ಹೊರಗಿಲ್ಲ: ಸೇದದೆಯೇ ದಿನವಿಡೀ ಹೊಗೆಸೊಪ್ಪಿನ ಪುಡಿ ಮೂಗಿಗೆ ಹೋಗುತ್ತದೆ, ಚರ್ಮದ ಮೂಲಕ ನಿಕೋಟಿನ್ ಒಳಸೇರುತ್ತದೆ, ಬೆನ್ನು ಮತ್ತು ಕುತ್ತಿಗೆಯ ನೋವು ಬಿಡುವುದೇ ಇಲ್ಲ.

ಸೇದುವವರಲ್ಲಿ ಒಂದು ಹಳೆಯ ನಂಬಿಕೆ ಇದೆ, ಬೀಡಿ ಎಲೆಯದ್ದು, ಅದರಲ್ಲಿ ಕಾಗದವಿಲ್ಲ, ಆದ್ದರಿಂದ ಸಿಗರೇಟಿನಷ್ಟು ಕೆಟ್ಟದ್ದಲ್ಲ ಎಂದು. ಒಂದು ಬೀಡಿಯಲ್ಲಿರುವ ಹೊಗೆಸೊಪ್ಪು ಸಿಗರೇಟಿನಲ್ಲಿರುವುದರ ಸುಮಾರು ಕಾಲುಭಾಗ ಎಂಬುದು ಸರಿ. ಆದರೆ ಬೀಡಿಯ ಎಲೆಯಲ್ಲಿ ಗಾಳಿಯಾಡದ ಕಾರಣ ಅದು ಬೇಗ ಆರುತ್ತದೆ. ಆರದಂತೆ ನೋಡಿಕೊಳ್ಳಲು ಮತ್ತೆ ಮತ್ತೆ, ಜೋರಾಗಿ ಎಳೆಯಬೇಕು. ಎಳೆದಷ್ಟೂ ಹೊಗೆ ಆಳಕ್ಕೆ ಇಳಿಯುತ್ತದೆ. ಸಣ್ಣ ಬೀಡಿಯೊಂದು ಕೊಡುವ ಟಾರು ಮತ್ತು ಕಾರ್ಬನ್ ಮೊನಾಕ್ಸೈಡ್ ಸಿಗರೇಟಿಗೆ ಕಡಿಮೆಯಿಲ್ಲ, ಹಲವು ಪರೀಕ್ಷೆಗಳಲ್ಲಿ ಹೆಚ್ಚೇ ಇತ್ತು. ಭಾರತದ 11 ಲಕ್ಷ ಮನೆಗಳ ಸಾವುಗಳನ್ನು ಪರಿಶೀಲಿಸಿ 2008ರಲ್ಲಿ ಪ್ರಕಟವಾದ ಅಧ್ಯಯನ, ಧೂಮಪಾನಿ ಗಂಡಸರ ಆಯುಷ್ಯ ಸರಾಸರಿ ಆರು ವರ್ಷ, ಹೆಂಗಸರದ್ದು ಎಂಟು ವರ್ಷ ಕಡಿಮೆಯಾಗುತ್ತದೆ ಎಂದು ತೋರಿಸಿತು. ನಮ್ಮ ದೇಶದ ಧೂಮಪಾನಿಗಳಲ್ಲಿ ದೊಡ್ಡ ಪಾಲು ಬೀಡಿಯವರದ್ದು ಎಂಬುದನ್ನು ಇಲ್ಲಿ ನೆನಪಿಡಬೇಕು. ದಿನಕ್ಕೆ ಕೆಲವನ್ನು ಮಾತ್ರ ಸೇದುವವರಲ್ಲಿಯೂ ಸಾವಿನ ಪ್ರಮಾಣ ಹೆಚ್ಚಿದ್ದುದನ್ನು ಅದೇ ಅಧ್ಯಯನ ಗುರುತಿಸಿತು. ಪಾಶ್ಚಾತ್ಯ ದೇಶಗಳ ಪಟ್ಟಿಯಲ್ಲಿ ಅಷ್ಟಾಗಿ ಕಾಣದ ಕ್ಷಯರೋಗ ಇಲ್ಲಿ ಧೂಮಪಾನಿಗಳ ಸಾವಿಗೆ ಮುಖ್ಯ ಕಾರಣಗಳಲ್ಲೊಂದು, ಏಕೆಂದರೆ ರೋಮಗಳನ್ನು ಕಳೆದುಕೊಂಡ, ರಕ್ಷಣಾ ಕೋಶಗಳು ಸೊರಗಿದ ಶ್ವಾಸಕೋಶದಲ್ಲಿ ಕ್ಷಯದ ಸೂಕ್ಷ್ಮಾಣುವಿಗೆ ಬೇರೂರುವುದು ಸುಲಭ.

ಬೀಡಿ ಸೇದುವ ದುಡಿಯುವ ಗಂಡಸರಲ್ಲಿ ಕಾಣುವ ಇನ್ನೊಂದು ಕಾಯಿಲೆಯನ್ನು ಹೇಳದೆ ಮುಂದೆ ಹೋಗಲಾಗದು. ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ. ಕೆಲವು ತಿಂಗಳಲ್ಲಿ ಕಾಲಿನ ಬೆರಳು ತಣ್ಣಗಾಗಿ, ನೀಲಿಗಟ್ಟಿ, ತುದಿಯಲ್ಲಿ ಸಣ್ಣ ಹುಣ್ಣಾಗಿ, ಮಾಯದೆ ಕಪ್ಪಾಗುತ್ತದೆ. ಕೈಕಾಲಿನ ರಕ್ತನಾಳಗಳು ಮುಚ್ಚಿಹೋಗುವ, ಬರ್ಜರ್ ಕಾಯಿಲೆ ಎಂದು ಹೆಸರಿರುವ ಇದು ಬರುವುದು ಹೆಚ್ಚಾಗಿ 45 ದಾಟದವರಿಗೆ, ಮನೆಗೆ ದುಡಿದು ಹಾಕುವ ವಯಸ್ಸಿನವರಿಗೆ. ಇದರ ಚಿಕಿತ್ಸೆಯಲ್ಲಿ ತಂಬಾಕನ್ನು ಸಂಪೂರ್ಣ ಬಿಡುವುದಕ್ಕೆ ಸಮನಾದ ಔಷಧವಿಲ್ಲ. ಬಿಟ್ಟವರಲ್ಲಿ ಹೆಚ್ಚಿನವರ ಕಾಲು ಉಳಿಯುತ್ತದೆ. ದಿನಕ್ಕೆ ಒಂದೆರಡಕ್ಕೆ ಇಳಿಸಿದವರಲ್ಲಿ ರೋಗ ಮುಂದುವರಿಯುತ್ತದೆ, ಬೆರಳಿನಿಂದ ಪಾದಕ್ಕೆ, ಪಾದದಿಂದ ಮೊಣಕಾಲಿಗೆ.

ಉಳಿದ ಪಟ್ಟಿಯೂ ಚಿಕ್ಕದಲ್ಲ. ಟೈಪ್ 2 ಮಧುಮೇಹ ಬರುವ ಸಾಧ್ಯತೆ ಧೂಮಪಾನಿಗಳಲ್ಲಿ ಶೇ. 30ರಿಂದ 40ರಷ್ಟು ಹೆಚ್ಚು. ಗಾಯ ಮಾಯುವುದು, ಮುರಿದ ಮೂಳೆ ಕೂಡುವುದು ನಿಧಾನ. ಕಣ್ಣಿನ ಪೊರೆ, ವಸಡಿನ ರೋಗ, ಗಂಡಸರಲ್ಲಿ ಲೈಂಗಿಕ ದೌರ್ಬಲ್ಯ, ಗರ್ಭಿಣಿಯರಲ್ಲಿ ಕಡಿಮೆ ತೂಕದ ಮಗು.

ಇಷ್ಟಾದರೂ ಒಂದೆರಡು ಸೇದುವವನು ಅದನ್ನು ಬಿಟ್ಟುಬಿಡಬಹುದಲ್ಲ, ಅವನಿಗೇನು ಚಟವೇ ಎಂದು ಕೇಳುವವರಿದ್ದಾರೆ. ಎಳೆದ ಹತ್ತು ಹದಿನೈದು ಸೆಕೆಂಡುಗಳಲ್ಲಿ ಮಿದುಳು ತಲುಪುವ ನಿಕೋಟಿನ್, ಅಲ್ಲಿ ಹಿತ ಎನಿಸುವಂತೆ ಮಾಡುವ ಡೋಪಮೈನ್ ಬಿಡುಗಡೆ ಮಾಡಿಸುತ್ತದೆ. ಎರಡು ಗಂಟೆಗಳಲ್ಲಿ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿದು ಸಿಡುಕು, ಚಡಪಡಿಕೆ ಆರಂಭವಾಗುತ್ತದೆ. ಮತ್ತೊಂದು ಸೇದಿದಾಗ ತಲೆ ಹಗುರವಾಯಿತು ಎನಿಸುವುದು ಬಹುಪಾಲು ಆ ಚಡಪಡಿಕೆ ಹೋದದ್ದರಿಂದ. ಟೆನ್ಷನ್ ಕಡಿಮೆ ಮಾಡುತ್ತದೆ ಎಂಬ ಖ್ಯಾತಿಯನ್ನು ಸಿಗರೇಟು ಸಂಪಾದಿಸಿರುವುದು ತಾನೇ ಹುಟ್ಟಿಸಿದ ಟೆನ್ಷನ್ನಿನಿಂದ. ಚಟದ ಆಳವನ್ನು ಅಳೆಯುವಾಗ ತಜ್ಞರು ಎಷ್ಟು ಸೇದುತ್ತೀರಿ ಎಂಬುದಕ್ಕಷ್ಟೇ ನಿಲ್ಲದೆ, ಎದ್ದ ಎಷ್ಟು ಹೊತ್ತಿಗೆ ಮೊದಲನೆಯದು ಬೇಕು ಎಂದು ಕೇಳುತ್ತಾರೆ. ಎದ್ದು ಅರ್ಧ ಗಂಟೆಯೊಳಗೆ ಬೇಕು ಎನ್ನುವವನು, ಅದಿಲ್ಲದೆ ಶೌಚಕ್ಕೂ ಹೋಗಲಾಗದು ಎನ್ನುವವನು, ದಿನಕ್ಕೆ ಮೂರೇ ಸೇದಿದರೂ ಚಟದಲ್ಲಿದ್ದಾನೆ.

ಒಂದೆರಡರ ಅಭ್ಯಾಸವನ್ನು ಸಾಕುವುದು ಬಿಡಿ ಸಿಗರೇಟಿನ ಮಾರಾಟ. ಮಣಿಪಾಲ, ದೇರಳಕಟ್ಟೆ, ಕೊಣಾಜೆಯಂತಹ ವಿದ್ಯಾರ್ಥಿಗಳ ಊರುಗಳಲ್ಲಿ ಸಂಜೆಯ ಹೊತ್ತು ಗೂಡಂಗಡಿಯ ಮುಂದೆ ನಿಂತು ನೋಡಿ. ಕಂಬಕ್ಕೆ ದಾರದಲ್ಲಿ ಲೈಟರ್ ನೇತಾಡುತ್ತಿರುತ್ತದೆ, ಹುಡುಗ ಚಾದ ಜೊತೆ ಸಿಗರೇಟಿನ ಹೆಸರು ಹೇಳಿ ಬೆರಳೊಂದನ್ನು ಎತ್ತುತ್ತಾನೆ, ಅಂಗಡಿಯವರು ಮಿಠಾಯಿ ಡಬ್ಬಿಗಳ ಹಿಂದೆ ತೆರೆದಿಟ್ಟ ಪ್ಯಾಕಿನಿಂದ ಒಂದನ್ನು ಜಾರಿಸಿ ಕೊಡುತ್ತಾರೆ. ಇಡೀ ವ್ಯವಹಾರದಲ್ಲಿ ಆ ಪ್ಯಾಕು ಹುಡುಗನ ಕೈಗೆ ಬರುವುದೇ ಇಲ್ಲ. 2016ರಿಂದ ಪ್ಯಾಕಿನ ಶೇ. 85 ಭಾಗವನ್ನು ಆವರಿಸುವಂತೆ ಮುದ್ರಿಸುತ್ತಿರುವ ಎಚ್ಚರಿಕೆಯ ಚಿತ್ರವನ್ನೂ, ಬಿಡಲು ನೆರವಾಗುವ ಸಹಾಯವಾಣಿಯ ಸಂಖ್ಯೆಯನ್ನೂ ದಿನವಿಡೀ ನೋಡುವವರು ಅಂಗಡಿಯವರು ಮಾತ್ರ. ಪ್ಯಾಕಿನ ಬೆಲೆ ಏರಿದರೆ ಯುವಕರು ಹಿಂಜರಿಯುತ್ತಾರೆ ಎಂಬ ತೆರಿಗೆಯ ತರ್ಕವನ್ನೂ ಈ ಬಿಡಿ ಮಾರಾಟ ಅರ್ಧ ಸೋಲಿಸುತ್ತದೆ.

ಕಾನೂನು ಇಲ್ಲದಿಲ್ಲ. ಜನರ ಬಾಯಲ್ಲಿ ಕೋಟ್ಪಾ ಎಂದಾಗಿರುವ 2003ರ ತಂಬಾಕು ನಿಯಂತ್ರಣ ಕಾಯ್ದೆ ಸಾರ್ವಜನಿಕ ಸ್ಥಳದಲ್ಲಿ ಧೂಮಪಾನವನ್ನೂ ಶಿಕ್ಷಣ ಸಂಸ್ಥೆಗಳಿಂದ 100 ಗಜದೊಳಗೆ ಮಾರಾಟವನ್ನೂ ನಿಷೇಧಿಸಿದೆ. ಕರ್ನಾಟಕ ವಿಧಾನಮಂಡಲ 2024ರಲ್ಲಿ ಒಪ್ಪಿ, ರಾಷ್ಟ್ರಪತಿಗಳ ಅಂಕಿತದೊಂದಿಗೆ 2025ರಲ್ಲಿ ಜಾರಿಗೆ ಬಂದ ತಿದ್ದುಪಡಿ ಇನ್ನೂ ಮುಂದೆ ಹೋಯಿತು: ಖರೀದಿಯ ಕನಿಷ್ಠ ವಯಸ್ಸು 18ರಿಂದ 21ಕ್ಕೆ ಏರಿತು, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ 200 ರೂಪಾಯಿಯಿಂದ 1,000ಕ್ಕೆ ಹೋಯಿತು, ಹುಕ್ಕಾ ಬಾರ್‌ಗಳಿಗೆ ನಿಷೇಧ ಬಂತು, ಬಿಡಿ ಮಾರಾಟವೂ ಅಪರಾಧವಾಯಿತು. ಕಾಗದದ ಮೇಲೆ ಇದು ಒಳ್ಳೆಯ ಕಾನೂನು. ಪದವಿ ಕಾಲೇಜಿಗೆ ಹೋಗುವ ಬಹುತೇಕ ಹುಡುಗರು 21ರ ಒಳಗಿನವರಾದ್ದರಿಂದ, ಅದನ್ನು ನಿಜವಾಗಿ ಪಾಲಿಸಿದರೆ ಮೇಲೆ ಹೇಳಿದ ಸಂಜೆಯ ದೃಶ್ಯವೇ ಇರಬಾರದು. ಇದೆ ಎಂಬುದು ಎಲ್ಲರಿಗೂ ಗೊತ್ತು. ವರ್ಷಕ್ಕೊಮ್ಮೆ ವಿಶ್ವ ತಂಬಾಕು ರಹಿತ ದಿನವಾದ ಮೇ 31ರ ಆಸುಪಾಸಿನಲ್ಲಿ ದಾಳಿ ನಡೆಸಿ ದಂಡ ಹಾಕಿ ಪತ್ರಿಕೆಗೆ ಫೋಟೊ ಕೊಡುವುದರಿಂದ ಗೂಡಂಗಡಿಯ ಅಭ್ಯಾಸ ಬದಲಾಗದು. ಇದೇ ಹೊತ್ತಿನಲ್ಲಿ, ಅಂದರೆ 2025ರ ಸೆಪ್ಟೆಂಬರ್‌ನಲ್ಲಿ, ಜಿಎಸ್‌ಟಿ ಮಂಡಳಿ ಬೀಡಿಯ ಮೇಲಿನ ತೆರಿಗೆಯನ್ನು ಶೇ. 28ರಿಂದ 18ಕ್ಕೆ ಇಳಿಸಲು ತೀರ್ಮಾನಿಸಿತು. ಕಟ್ಟುವವರ ಬದುಕನ್ನು ನೆನೆದರೆ ಅದರ ಕಾರಣ ಅರ್ಥವಾಗುತ್ತದೆ; ಸೇದುವವನ ಶ್ವಾಸಕೋಶದ ಕಡೆಯಿಂದ ನೋಡಿದರೆ ಸಮರ್ಥಿಸುವುದು ಕಷ್ಟ. ಕಟ್ಟುವವರಿಗೆ ಬೇರೆ ಕಸುಬು ಒದಗಿಸುವ ಗಟ್ಟಿ ಯೋಜನೆಯಿಲ್ಲದೆ ಬೀಡಿಯನ್ನು ಅಗ್ಗ ಮಾಡುವುದು ಸುಲಭದ ದಾರಿ ಅಷ್ಟೇ.

ಹಾಗಾದರೆ ಕಡಿಮೆ ಮಾಡುತ್ತಾ ಹೋಗುವುದರಿಂದ ಪ್ರಯೋಜನವೇ ಇಲ್ಲವೇ? ಬಿಡುವುದರ ಮೊದಲ ಹೆಜ್ಜೆಯಾಗಿ ಇದೆ, ಬಿಡುವುದಕ್ಕೆ ಬದಲಿಯಾಗಿ ಇಲ್ಲ. ಸಂಖ್ಯೆ ಇಳಿಸಿದವರು ತಿಳಿಯದೆಯೇ ಉಳಿದ ಸಿಗರೇಟುಗಳನ್ನು ಹೆಚ್ಚು ಆಳವಾಗಿ, ಬುಡದವರೆಗೆ ಎಳೆದು ನಿಕೋಟಿನ್ ಸರಿದೂಗಿಸಿಕೊಳ್ಳುತ್ತಾರೆ. ‘ಲೈಟ್’ ಎಂದು ಮಾರುತ್ತಿದ್ದ ಸಿಗರೇಟುಗಳ ಭರವಸೆ ಸುಳ್ಳಾದದ್ದೂ ಇದೇ ಕಾರಣಕ್ಕೆ. ನಾರ್ವೆಯಲ್ಲಿ ದೀರ್ಘಕಾಲ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅರ್ಧಕ್ಕಿಂತ ಹೆಚ್ಚು ಇಳಿಸಿದ ಭಾರೀ ಧೂಮಪಾನಿಗಳ ಅಕಾಲ ಮರಣದ ಪ್ರಮಾಣ, ಇಳಿಸದವರಿಗಿಂತ ಗಮನಾರ್ಹವಾಗಿ ಕಡಿಮೆಯಾಗಿರಲಿಲ್ಲ. ಪೂರ್ತಿ ಬಿಟ್ಟವರ ಕಥೆ ಬೇರೆ. 1951ರಲ್ಲಿ ಆರಂಭವಾಗಿ ಐವತ್ತು ವರ್ಷ ನಡೆದ ಬ್ರಿಟಿಷ್ ವೈದ್ಯರ ಅಧ್ಯಯನದ ಪ್ರಕಾರ, ಜೀವನಪೂರ್ತಿ ಸಿಗರೇಟು ಸೇದಿದವರು ಸುಮಾರು ಹತ್ತು ವರ್ಷ ಆಯುಷ್ಯ ಕಳೆದುಕೊಂಡರೆ, 30ಕ್ಕೆ ಬಿಟ್ಟವರು ಆ ಹತ್ತನ್ನೂ, 40ಕ್ಕೆ ಬಿಟ್ಟವರು ಒಂಬತ್ತನ್ನು, 50ಕ್ಕೆ ಬಿಟ್ಟವರು ಆರನ್ನು, 60ಕ್ಕೆ ಬಿಟ್ಟವರು ಮೂರನ್ನು ಮರಳಿ ಪಡೆಯುತ್ತಾರೆ. ಹೃದಯಾಘಾತದ ಹೆಚ್ಚುವರಿ ಅಪಾಯವಂತೂ ಒಂದೇ ವರ್ಷದಲ್ಲಿ ಅರ್ಧಕ್ಕಿಳಿಯುತ್ತದೆ.

ಬಿಡುವವರಿಗೆ ಮೊದಲ ಮೂರು ದಿನ ಅತ್ಯಂತ ಕಷ್ಟ, ಎರಡರಿಂದ ನಾಲ್ಕು ವಾರಗಳಲ್ಲಿ ಚಡಪಡಿಕೆ ಬಹುಮಟ್ಟಿಗೆ ಇಳಿಯುತ್ತದೆ. ನಿಕೋಟಿನ್ ಚ್ಯೂಯಿಂಗ್ ಗಮ್ ಔಷಧದಂಗಡಿಯಲ್ಲಿ ಸಿಗುತ್ತದೆ. ಅದನ್ನು ಮಿಠಾಯಿಯಂತೆ ಅಗಿಯದೆ, ಖಾರದ ರುಚಿ ಬರುವವರೆಗೆ ನಿಧಾನವಾಗಿ ಕಚ್ಚಿ ಕೆನ್ನೆಯ ಸಂದಿಯಲ್ಲಿ ಇಟ್ಟುಕೊಂಡರೆ ಮಾತ್ರ ಕೆಲಸ ಮಾಡುತ್ತದೆ. ವೆರೆನಿಕ್ಲಿನ್, ಬ್ಯುಪ್ರೊಪಿಯಾನ್‌ನಂತಹ ಮಾತ್ರೆಗಳನ್ನು ವೈದ್ಯರ ಸಲಹೆಯಿಂದ ತೆಗೆದುಕೊಳ್ಳಬೇಕು. ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಕರೆ ಉಚಿತ. ಈ ನಡುವೆ ಅನೇಕರು ಸೋಲುವ ಒಂದು ಜಾಗವಿದೆ: ಬಿಟ್ಟ ಮೊದಲ ವಾರಗಳಲ್ಲಿ ಕೆಮ್ಮು ಮತ್ತು ಕಫ ಹೆಚ್ಚಾಗಬಹುದು, ಬಾಯಲ್ಲಿ ಹುಣ್ಣೇಳಬಹುದು. “ಸೇದುವಾಗ ಸರಿ ಇದ್ದೆ ಮಾರಾಯ್ರೆ, ಬಿಟ್ಟ ಮೇಲೆಯೇ ಕೆಮ್ಮು ಶುರುವಾದದ್ದು” ಎಂದು ಮತ್ತೆ ಹಚ್ಚುವವರು ಕಡಿಮೆಯಲ್ಲ. ಮರಗಟ್ಟಿದ್ದ ರೋಮಗಳು ಪುನಃ ಆಡತೊಡಗಿ ವರ್ಷಗಟ್ಟಲೆಯ ಕಸವನ್ನು ಮೇಲಕ್ಕೆ ತಳ್ಳುತ್ತಿರುವುದೇ ಸಾಮಾನ್ಯವಾಗಿ ಆ ಕೆಮ್ಮಿಗೆ ಕಾರಣ, ಅದು ಕ್ರಮೇಣ ನಿಲ್ಲುತ್ತದೆ. ದಿನದಿಂದ ದಿನಕ್ಕೆ ಇಳಿಯದೆ ಎರಡು ಮೂರು ವಾರ ದಾಟಿದರೆ, ತೂಕ ಇಳಿಯುತ್ತಿದ್ದರೆ, ಸಂಜೆ ಜ್ವರ ಬರುತ್ತಿದ್ದರೆ ಅಥವಾ ಕಫದಲ್ಲಿ ರಕ್ತದ ಗೆರೆ ಕಂಡರೆ ಮಾತ್ರ ಮಳೆಗಾಲದ ನೆಪ ಹೇಳದೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ಎದೆಯ ಎಕ್ಸ್‌ರೇ ಮತ್ತು ಕಫದ ಪರೀಕ್ಷೆ ಮಾಡಿಸಿಕೊಳ್ಳಬೇಕು. ಕ್ಷಯದ ಪರೀಕ್ಷೆ ಮತ್ತು ಔಷಧ ಅಲ್ಲಿ ಉಚಿತವಾಗಿಯೇ ಸಿಗುತ್ತವೆ.